ಮೂರು ಆಂಪಿಯರಿನಿಂದ ಮೂವತ್ತೆರಡಕ್ಕೆ

ಇಂಗ್ಲೆಂಡಿನ ಸಾಮಾನ್ಯ ಮನೆಯ ಗ್ಯಾಸ್ ಬಾಯ್ಲರಿಗೆ ಕರೆಂಟು ಬೇಕಾಗುವುದು ನೀರು ತಳ್ಳುವ ಸಣ್ಣ ಪಂಪಿಗೆ, ಒಂದು ಫ್ಯಾನಿಗೆ, ಕಿಡಿ ಹೊತ್ತಿಸುವುದಕ್ಕೆ. ಅಷ್ಟಕ್ಕೆ 3 ಆಂಪಿಯರ್ ಫ್ಯೂಸ್ ಸಾಕು. ಪಕ್ಕದ ಗೋಡೆಯ ಸ್ವಿಚ್ಚಿನಿಂದ ತೆಳುವಾದ ವೈರ್ ಎಳೆದರೆ ಎಲೆಕ್ಟ್ರಿಷಿಯನ್ ಕೆಲಸ ಮುಗಿಯಿತು. ಮನೆ ಬೆಚ್ಚಗಾಗಿಸುವ ಶಾಖವೆಲ್ಲ ಗ್ಯಾಸಿನ ಕೊಳವೆಯಲ್ಲಿ ಬರುತ್ತದೆ. ಆ ಬಾಯ್ಲರನ್ನು ಕಳಚಿ ಹೀಟ್ ಪಂಪ್ ಕೂರಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೀಟರಿನ ಬಳಿಯಿಂದ ಹಿತ್ತಲಿನವರೆಗೆ ಯಂತ್ರಕ್ಕೆಂದೇ ಪ್ರತ್ಯೇಕ ಲೈನು ಬೇಕು. ಯಂತ್ರದ ಗಾತ್ರ ನೋಡಿ ಆ ಲೈನಿಗೆ 16, 20 ಅಥವಾ 32 ಆಂಪಿಯರಿನ ಎಂಸಿಬಿ ಬೇಕು.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2023ರ ಅಕ್ಟೋಬರಿನಲ್ಲಿ ಗಾಳಿಯಿಂದ ಶಾಖ ಹೀರುವ ಹೀಟ್ ಪಂಪಿನ ಸಹಾಯಧನ 5,000 ಪೌಂಡಿನಿಂದ 7,500 ಪೌಂಡಿಗೆ ಏರಿತು. ಅಲ್ಲಿ ಮನೆ ಕೊಂಡ ಕನ್ನಡಿಗರೂ ಈ ಯಂತ್ರದ ಲಾಭ–ನಷ್ಟ ತೂಗಿ ನೋಡುವ ಕಾಲ ಇದು. ಮಾತುಕತೆ ಸಾಮಾನ್ಯವಾಗಿ ಯಂತ್ರದ ಕಂಪನಿ, ರೇಡಿಯೇಟರಿನ ಅಳತೆ, ಸದ್ದು ಎಷ್ಟು ಎಂಬಲ್ಲೇ ನಿಂತುಬಿಡುತ್ತದೆ. ವೈರಿಂಗ್ ಬಗ್ಗೆ ಕೇಳುವವರು ಕಡಿಮೆ. ಆದರೆ ಮನೆಯ ಸುರಕ್ಷತೆಯಷ್ಟೇ ಅಲ್ಲ, ಚಳಿಗಾಲದ ಬಿಲ್ಲೂ ವೈರಿಂಗ್ ಮೇಲೆ ನಿಂತಿದೆ.

ಯಂತ್ರದ ತತ್ವ ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ಕೋಣೆಯ ಶಾಖವನ್ನು ಹೊರಗೆ ಸಾಗಿಸುವ ಎಸಿಯ ಕೆಲಸವನ್ನೇ ಹೀಟ್ ಪಂಪ್ ತಿರುಗಿಸಿ ಮಾಡುತ್ತದೆ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ, ಕಂಪ್ರೆಸರಿನಿಂದ ಅದರ ಉಷ್ಣತೆ ಏರಿಸಿ, ಮನೆಯೊಳಗಿನ ನೀರಿಗೆ ಕೊಡುತ್ತದೆ. ಬಚ್ಚಲಿನ ಗೀಸರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಟ್ಟರೆ, ಚೆನ್ನಾಗಿ ಕೂರಿಸಿದ ಹೀಟ್ ಪಂಪ್ ಮೂರು ಯೂನಿಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡುತ್ತದೆ. ಬೆಂಗಳೂರಿನ ಹೋಟೆಲು, ಹಾಸ್ಟೆಲುಗಳಲ್ಲಿ ಸ್ನಾನದ ನೀರು ಕಾಯಿಸಲು ಇದೇ ಯಂತ್ರ ಬಳಕೆಗೆ ಬಂದಿದೆ.

ಬ್ರಿಟನ್ನಿನಲ್ಲಿ ಕಟ್ಟಡವೊಂದನ್ನು ಹೀಗೆ ಬೆಚ್ಚಗಾಗಿಸಿ ತೋರಿಸಿದ್ದು ಜಾನ್ ಸಮ್ನರ್. ಅವರು ನಾರ್ವಿಚ್ ನಗರದ ವಿದ್ಯುತ್ ಎಂಜಿನಿಯರ್. ಯುದ್ಧಕಾಲದ ಅಭಾವದಲ್ಲಿ ಸಿಕ್ಕ ಹಳೆಯ ಬಿಡಿಭಾಗಗಳನ್ನು ಜೋಡಿಸಿ, ವೆನ್ಸಮ್ ನದಿಯ ನೀರಿನಿಂದ ಶಾಖ ಎತ್ತಿ, 1945ರಲ್ಲಿ ತಮ್ಮ ಇಲಾಖೆಯ ಕಟ್ಟಡವನ್ನೇ ಬಿಸಿ ಮಾಡಿದರು.

ಇಂದಿನ ಎಲೆಕ್ಟ್ರಿಷಿಯನ್ ಮೊದಲು ತೆರೆದು ನೋಡುವುದು ಹೀಟ್ ಪಂಪಿನ ಪೆಟ್ಟಿಗೆಯನ್ನಲ್ಲ, ಮೀಟರಿನ ಪೆಟ್ಟಿಗೆಯನ್ನು. ಬ್ರಿಟನ್ನಿನ ಮನೆಗೆ ಬರುವುದು ಸಾಮಾನ್ಯವಾಗಿ 230 ವೋಲ್ಟಿನ ಸಿಂಗಲ್ ಫೇಸ್. ಬೀದಿಯ ಕೇಬಲ್ ಮನೆ ಹೊಕ್ಕುವಲ್ಲಿ ವಿತರಣಾ ಕಂಪನಿಯ ಮುಖ್ಯ ಫ್ಯೂಸ್ ಇರುತ್ತದೆ: 60, 80 ಅಥವಾ 100 ಆಂಪಿಯರ್. ನಮ್ಮಲ್ಲಿ ಕರೆಂಟ್ ಬಿಲ್ಲಿನ ಮೇಲೆ ಕಿಲೋವ್ಯಾಟಿನಲ್ಲಿ ಬರೆದಿರುವ ಮಂಜೂರಾದ ಲೋಡ್‌ನಂತೆ ಅಲ್ಲಿ ಈ ಫ್ಯೂಸೇ ಮನೆಯ ಮಿತಿ. ಒಂದು ಮನೆಯ ಲೆಕ್ಕ ಹಾಕಿ ನೋಡಬಹುದು. 9.5 ಕಿಲೋವ್ಯಾಟಿನ ಎಲೆಕ್ಟ್ರಿಕ್ ಶವರ್ 41 ಆಂಪಿಯರ್ ಎಳೆಯುತ್ತದೆ. ಕಾರಿನ ಚಾರ್ಜರ್ 32. ಬಿಸಿನೀರಿನ ತೊಟ್ಟಿಯೊಳಗಿನ 3 ಕಿಲೋವ್ಯಾಟಿನ ಕಾಯಿಲ್ 13. ಹೀಟ್ ಪಂಪ್ ಕೊರೆಯುವ ಚಳಿಯಲ್ಲಿ 16 ಎಂದುಕೊಂಡರೂ ಮೊತ್ತ 100 ದಾಟಿತು. ಒಲೆ, ವಾಷಿಂಗ್ ಮೆಷಿನ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಎಲ್ಲವೂ ಒಂದೇ ಗಳಿಗೆಯಲ್ಲಿ ಓಡುವುದಿಲ್ಲ ಎಂಬ ವಿನಾಯಿತಿಯನ್ನು ಲೆಕ್ಕದಲ್ಲಿ ಕೊಡುತ್ತಾರೆ, ನಿಜ. ಆದರೆ ಶವರ್ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ, ಹೀಟ್ ಪಂಪ್ ಜನವರಿಯಲ್ಲಿ ಹಗಲಿರುಳು ಓಡುತ್ತದೆ. ಹೀಗಾಗಿ ಈ ಯಂತ್ರಕ್ಕೆ ವಿನಾಯಿತಿ ಕೊಡುವಾಗ ಕೈ ಬಿಗಿ ಹಿಡಿಯಲೇಬೇಕು. ಮುಖ್ಯ ಲೈನಿನ ಹೊರೆಯನ್ನು ಅಳೆದು ಕಾರಿನ ಚಾರ್ಜರನ್ನು ತಗ್ಗಿಸುವ ಸೆನ್ಸರ್ ಹಾಕಿದರೆ ಎಷ್ಟೋ ಮನೆಗಳಲ್ಲಿ ಫ್ಯೂಸ್ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಬೀದಿಯಿಂದ ಒಂದೇ ಕೇಬಲ್ ಮೊದಲ ಮನೆಗೆ ಬಂದು, ಅಲ್ಲಿಂದಲೇ ಪಕ್ಕದ ಮನೆಗೆ ಕವಲೊಡೆದಿರುತ್ತದೆ. ಎರಡು ಮನೆಗೂ ಸೇರಿ ಒಂದೇ ಕೇಬಲ್ ಎಂದರೆ ಎರಡು ಹೀಟ್ ಪಂಪಿನ ಭಾರ ಅದು ತಾಳಲಾರದು. ಅದನ್ನು ಬಿಡಿಸಿ ಹೊಸ ಕೇಬಲ್ ಹಾಕುವ ಹೊಣೆ ವಿತರಣಾ ಕಂಪನಿಯದು. ರಸ್ತೆ ಅಗೆಯಬೇಕು, ನೆರೆಮನೆಯವರ ಒಪ್ಪಿಗೆ ಬೇಕು, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಆ ಕಂಪನಿಗೆ ಅರ್ಜಿ ಹಾಕುವುದು ಯಂತ್ರಕ್ಕೆ ಮುಂಗಡ ಕೊಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹೊರಗಿನ ಘಟಕಕ್ಕೆ ಹೋಗುವ ಕೇಬಲ್ ಮಳೆ, ಬಿಸಿಲು, ತೋಟದ ಗುದ್ದಲಿ ಎಲ್ಲವನ್ನೂ ತಡೆಯಬೇಕು. ಅದಕ್ಕೇ ಉಕ್ಕಿನ ತಂತಿ ಸುತ್ತಿದ ಆರ್ಮರ್ಡ್ ಕೇಬಲ್ ಹೆಚ್ಚಾಗಿ ಬಳಕೆಯಲ್ಲಿದೆ. ಘಟಕದ ಸಮೀಪ, ರಿಪೇರಿಗೆ ಬಂದವರ ಕೈಗೆಟಕುವಂತೆ, ನೀರು ಹೊಗದ ಐಸೊಲೇಟರ್ ಸ್ವಿಚ್ ಇರುತ್ತದೆ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ತಂಪುಕಾರಕವಾಗಿ ಪ್ರೊಪೇನ್ ಇದೆ. ಅದು ಉರಿಯುವ ಅನಿಲ, ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಹಾಗಾಗಿ ತಯಾರಕರು ಘಟಕದ ಸುತ್ತ ಗುರುತಿಸಿದ ಸುರಕ್ಷತಾ ವಲಯದೊಳಗೆ ಕಿಡಿ ಹಾರಬಹುದಾದ ಸ್ವಿಚ್ಚು, ಸಾಕೆಟ್ಟು ಬರಕೂಡದು. ಐಸೊಲೇಟರನ್ನು ಅಭ್ಯಾಸಬಲದಿಂದ ಘಟಕದ ಬೆನ್ನಿಗೇ ಹೊಡೆಯುವ ಕಾಲ ಮುಗಿಯಿತು.

ನೆಲಕ್ಕೆ ಸೋರುವ ಕರೆಂಟನ್ನು ಹಿಡಿದು ಲೈನ್ ಕಡಿಯುವ ಆರ್‌ಸಿಡಿಯ ಆಯ್ಕೆಯಲ್ಲೂ ಎಚ್ಚರ ಬೇಕು. ಹೀಟ್ ಪಂಪಿನ ಇನ್ವರ್ಟರ್ ಎಸಿ ಕರೆಂಟನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುತ್ತದೆ; ಕೆಟ್ಟಾಗ ಸೋರುವ ಕರೆಂಟಿನಲ್ಲಿ ಡಿಸಿಯೂ ಬೆರೆತಿರಬಹುದು. ಹಳೆಯ ಎಸಿ ಮಾದರಿಯ ಆರ್‌ಸಿಡಿಗೆ ಅದು ಕಾಣದು. ಎ, ಎಫ್ ಅಥವಾ ಬಿ ಮಾದರಿಗಳಲ್ಲಿ ತಯಾರಕರು ಹೇಳಿದ್ದನ್ನೇ ಹಾಕಬೇಕು, ಅದೂ ಈ ಲೈನಿಗೇ ಮೀಸಲಾಗಿ. ಇಲ್ಲದಿದ್ದರೆ ಅಡುಗೆಮನೆಯ ಕೆಟಲ್ ಕೆಟ್ಟಾಗ ಮನೆಯ ಹೀಟಿಂಗೂ ನಿಲ್ಲುತ್ತದೆ.

ಇಷ್ಟೂ ದಪ್ಪ ವೈರಿನ ಮಾತು. ಬಿಲ್ಲು ಏರಿಸುವುದೂ ಇಳಿಸುವುದೂ ಸಣ್ಣ ವೈರುಗಳು.

ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಕೋಣೆಯ ಥರ್ಮೋಸ್ಟಾಟ್ ಒಂದು ಮೋಟಾರು ವಾಲ್ವನ್ನು ತೆರೆಯುತ್ತದೆ. ವಾಲ್ವ್ ಪೂರ್ತಿ ತೆರೆದಾಗ ಅದರೊಳಗಿನ ಸಣ್ಣ ಸ್ವಿಚ್ ಒತ್ತಿಕೊಂಡು, ಆರೆಂಜ್ ಬಣ್ಣದ ವೈರಿನಲ್ಲಿ 230 ವೋಲ್ಟ್ ಬಾಯ್ಲರಿಗೆ ಹೋಗುತ್ತದೆ: ಹೊತ್ತಿಕೋ ಎಂಬ ಆಜ್ಞೆ. ಹೀಟಿಂಗ್ ಕೆಲಸದವರಿಗೆಲ್ಲ ಆ ವೈರ್ ಪರಿಚಿತ. ಆದರೆ ಅನೇಕ ಹೀಟ್ ಪಂಪುಗಳ ಕಂಟ್ರೋಲ್ ಬೋರ್ಡ್ ಆ ಜಾಗದಲ್ಲಿ ಬಯಸುವುದು ವೋಲ್ಟೇಜೇ ಇಲ್ಲದ ಬರೀ ಸ್ವಿಚ್ ಸಂಪರ್ಕವನ್ನು. ಅಭ್ಯಾಸಬಲದಿಂದ ಆರೆಂಜ್ ವೈರನ್ನು ಅಲ್ಲಿಗೆ ಸಿಕ್ಕಿಸಿದರೆ ಬೋರ್ಡ್ ಸುಟ್ಟುಹೋಗುತ್ತದೆ. ನಡುವೆ ಒಂದು ರಿಲೇ ಹಾಕಿದರೆ ಈ ಅಪಾಯ ತಪ್ಪುತ್ತದೆ.

ಬೋರ್ಡ್ ಉಳಿದರೂ ಪದ್ಧತಿಯ ಪ್ರಶ್ನೆ ಉಳಿಯುತ್ತದೆ. ಹೊತ್ತಿಕೋ–ಆರಿಕೋ ಎಂಬ ಆಜ್ಞೆ ಬಾಯ್ಲರಿಗೆ ಸರಿ, ಹೀಟ್ ಪಂಪಿಗೆ ಸರಿಯಲ್ಲ. ಈ ಯಂತ್ರಕ್ಕೆ ಬೇಕಿರುವುದು ನಿಧಾನವಾದ, ಬಿಡುವಿಲ್ಲದ ಓಟ. ಅದಕ್ಕಾಗಿ ಹೊರಗೋಡೆಯ ಮೇಲೆ, ಬಿಸಿಲು ಬೀಳದ ಉತ್ತರ ದಿಕ್ಕಿಗೆ, ಒಂದು ಉಷ್ಣತೆಯ ಸೆನ್ಸರ್ ಕೂರಿಸುತ್ತಾರೆ; ಕೆಲವು ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ. ಹೊರಗೆ ಚಳಿ ಏರಿದಂತೆ ರೇಡಿಯೇಟರಿನ ನೀರನ್ನು 45 ಡಿಗ್ರಿಗೆ ಏರಿಸುವುದು, ಹಿತವಾದ ದಿನ 32ಕ್ಕೆ ಇಳಿಸುವುದು, ಎಲ್ಲ ಆ ಸೆನ್ಸರಿನ ಮಾತು ಕೇಳಿಯೇ. ನೀರಿನ ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು ಶೇಕಡ 2ರಿಂದ 3ರಷ್ಟು ಕರೆಂಟು ಉಳಿಯುತ್ತದೆ. ಸೆನ್ಸರಿನ ತೆಳು ವೈರನ್ನು ಪವರ್ ಕೇಬಲಿನ ಜೊತೆ ಒಂದೇ ಪೈಪಿನಲ್ಲಿ ತುರುಕಿದರೆ ಪವರ್ ಕೇಬಲಿನ ಪ್ರಭಾವದಿಂದ ಅದರ ಸಂಕೇತ ಕಲಕಿ, ಯಂತ್ರ ತಪ್ಪು ಉಷ್ಣತೆ ಓದುತ್ತದೆ. ಎರಡನ್ನೂ ದೂರವಿಟ್ಟು ಎಳೆಯಬೇಕೆಂಬ ನಿಯಮ ಇರುವುದು ಇದಕ್ಕೇ.

ಬಿಸಿನೀರಿನ ತೊಟ್ಟಿಯ ಕಾಯಿಲಿನ ಕತೆಯೂ ಹೀಗೆಯೇ. ಲೀಜನೆಲ್ಲಾ ಬ್ಯಾಕ್ಟೀರಿಯಾ ಸಾಯಲೆಂದು ಸಾಮಾನ್ಯವಾಗಿ ವಾರಕ್ಕೊಮ್ಮೆ ನೀರನ್ನು 60 ಡಿಗ್ರಿಗೆ ಏರಿಸುವುದು ಅದರ ಕೆಲಸ. ಕಂಟ್ರೋಲ್ ವೈರ್ ತಪ್ಪಿ ಅದು ದಿನವೂ ಓಡತೊಡಗಿದರೆ, ಮೂರು ಯೂನಿಟ್ ಶಾಖಕ್ಕೆ ಒಂದರ ಬದಲು ಮೂರು ಯೂನಿಟ್ ಕರೆಂಟು ಸುಡುತ್ತದೆ. ನೀರು ಬಿಸಿಯಾಗಿಯೇ ಬರುವುದರಿಂದ ಮನೆಯವರಿಗೆ ಬಿಲ್ಲು ಬರುವವರೆಗೆ ಸುಳಿವೇ ಸಿಗುವುದಿಲ್ಲ.

ಜರ್ಮನಿಯಲ್ಲಿ ಸಣ್ಣ ವೈರುಗಳು ಮನೆಯ ಹೊರಗಿನವರ ಮಾತನ್ನೂ ಕೇಳುತ್ತವೆ. ಅಲ್ಲಿ ಮನೆಗಳಿಗೆ 400 ವೋಲ್ಟಿನ ಮೂರು ಫೇಸ್ ಬರುತ್ತದೆ. 2024ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ 4.2 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವ ಹೊಸ ಹೀಟ್ ಪಂಪನ್ನು ವಿದ್ಯುತ್ ಜಾಲದ ಮೇಲೆ ಭಾರ ಮಿತಿಮೀರಿದಾಗ ವಿತರಣಾ ಕಂಪನಿ ತಗ್ಗಿಸಬಹುದು. ಆದರೆ ಮನೆಗಳಲ್ಲಿ 4.2 ಕಿಲೋವ್ಯಾಟಿನಷ್ಟಾದರೂ ಬಿಡಲೇಬೇಕು. ಅದಕ್ಕೆ ಪ್ರತಿಯಾಗಿ ಗ್ರಾಹಕರಿಗೆ ಜಾಲದ ಶುಲ್ಕದಲ್ಲಿ ರಿಯಾಯಿತಿ ಇದೆ. ಎಸ್‌ಜಿ ರೆಡಿ ಎಂಬ ಗುರುತಿನ ಯಂತ್ರಗಳಲ್ಲಿ ಎರಡೇ ಎರಡು ಸಂಪರ್ಕಗಳು. ಅವು ಕೂಡುವ–ಬಿಡುವ ಬಗೆಯಿಂದ ನಾಲ್ಕು ಆಜ್ಞೆ ಹುಟ್ಟುತ್ತವೆ. ನಿಲ್ಲು, ಮಾಮೂಲಿನಂತೆ ಓಡು, ಈಗ ಹೆಚ್ಚು ಓಡಿದರೆ ಒಳ್ಳೆಯದು, ಓಡಲೇಬೇಕು. ಚಾವಣಿಯ ಸೋಲಾರ್ ಮಧ್ಯಾಹ್ನ ಉಕ್ಕಿಸುವ ಕರೆಂಟನ್ನು ತೊಟ್ಟಿಯ ನೀರಿನಲ್ಲಿ ಶಾಖವಾಗಿ ಕೂಡಿಡುವುದು ಇದರಿಂದಲೇ.

ಜೋಡಣೆ ಮುಗಿದ ಮೇಲೆ ಪರೀಕ್ಷೆ. ಕೇಬಲಿನ ಇನ್ಸುಲೇಶನ್ ನೋಡಲು 500 ವೋಲ್ಟ್ ಡಿಸಿ ಹಾಯಿಸುವಾಗ ಇನ್ವರ್ಟರ್ ಬೋರ್ಡನ್ನು ಬಿಡಿಸಿಡದಿದ್ದರೆ ಹೊಸ ಯಂತ್ರ ಹಾಳಾಗಬಹುದು. ಆಮೇಲೆ ಅರ್ತಿಂಗ್ ಅಳತೆ, ಆರ್‌ಸಿಡಿ ಬೀಳುವ ವೇಗ, ಒಂದೊಂದು ವಾಲ್ವ್, ಒಂದೊಂದು ಸೆನ್ಸರ್. ಇಂಗ್ಲೆಂಡಿನಲ್ಲಿ ಇಂಥ ಹೊಸ ಲೈನಿಗೆ ಪ್ರಮಾಣಪತ್ರ ಕಡ್ಡಾಯ. ಅದರ ಜೊತೆಗೆ ಕಂಟ್ರೋಲ್ ವೈರಿಂಗಿನ ನಕ್ಷೆ, ಬೋರ್ಡಿನ ಸೆಟ್ಟಿಂಗ್ ಹೊಂದಿಸುವ ಡಿಪ್ ಸ್ವಿಚ್ಚುಗಳ ಸ್ಥಾನ, ಹೊರಗಿನ ಚಳಿಗೆ ತಕ್ಕಂತೆ ನೀರಿನ ಉಷ್ಣತೆ ಎಷ್ಟೆಂದು ಇಟ್ಟ ಲೆಕ್ಕ, ಈ ಮೂರನ್ನೂ ಮನೆಯವರು ಬರೆಸಿಕೊಂಡು ಯಂತ್ರದ ಬಳಿಯೇ ಇಡಬೇಕು. ಐದು ವರ್ಷದ ಮೇಲೆ ರಿಪೇರಿಗೆ ಬರುವವರು ಬೇರೆಯವರಾಗಿರುತ್ತಾರೆ. ಯಾವ ವೈರ್ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ಅವರ ಒಂದು ದಿನ ಕಳೆದರೆ, ಆ ದಿನದ ಕೂಲಿಯೂ ಅಷ್ಟು ಹೊತ್ತಿನ ಚಳಿಯೂ ಮನೆಯವರದೇ.