ಒಳಗೆ ಹಾಕೋದು ಸುಲಭ, ಹೊರಗೆ ತೆಗೆಯೋದು?

ಕಳೆದ ವರ್ಷ ಮೂರನೇ ಸೆಮಿಸ್ಟರ್‌ನ ಇಂಟರ್ನಲ್ಸ್‌ಗೆ ನಾಲ್ಕೇ ದಿನ ಬಾಕಿ. ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಗಣಿತದ ವಿಡಿಯೊ ಲಿಂಕ್ ಒತ್ತಿದರೆ ಫೈಲೇ ಇಲ್ಲ ಎಂಬ ಸಂದೇಶ. ಇನ್ನೊಂದು ಒತ್ತಿದೆ, ಅದೂ ಅಷ್ಟೇ. 36 ಲಿಂಕ್‌ಗಳಲ್ಲಿ ಒಂದೂ ತೆರೆಯಲಿಲ್ಲ.

ಆ ವಿಡಿಯೊಗಳನ್ನು ಮಾಡಿದ್ದು ನಮ್ಮ ಸೀನಿಯರ್ ಅಕ್ಕ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಮೊದಲ ವರ್ಷ ತಾವು ಪಟ್ಟ ಪಾಡು ಜೂನಿಯರ್‌ಗಳಿಗೆ ಬೇಡವೆಂದು ಮೊಬೈಲನ್ನು ಪುಸ್ತಕಗಳ ಮೇಲೆ ನಿಲ್ಲಿಸಿಕೊಂಡು ಕನ್ನಡದಲ್ಲೇ ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್ ಹೇಳಿಕೊಟ್ಟಿದ್ದರು. ‘ಡೆರಿವೇಟಿವ್ ಅಂದ್ರೆ ಹೆದರಬೇಡಿ, ಬಸ್ಸಿನ ಸ್ಪೀಡೋಮೀಟರ್ ಈ ಕ್ಷಣಕ್ಕೆ ಏನು ತೋರಿಸ್ತಿದೆಯೋ ಅದು’ ಎಂದಿದ್ದು ನನಗೆ ಇವತ್ತಿಗೂ ನೆನಪಿದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ್ದ ನನ್ನ ರೂಮ್‌ಮೇಟ್‌ಗಂತೂ ಹೆಚ್ಚುವರಿ ಗಣಿತಕ್ಕೆ ಅದೇ ಆಧಾರ. ಅವನು ಆ ಸಲ ಫೇಲಾದ. ವಿಡಿಯೊ ಹೋದದ್ದೇ ಕಾರಣ ಅಂತ ಹೇಳಲಾರೆ, ಆದರೆ ಅವನು ಹಾಗೇ ಹೇಳುತ್ತಾನೆ.

ಆಗಿದ್ದಿಷ್ಟೇ. ಅಕ್ಕ ಪಾಸಾಗಿ ಹೋದರು, ಅವರ ಕಾಲೇಜು ಇ–ಮೇಲ್ ಖಾತೆ ಮುಚ್ಚಿತು. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮೊದಲು ಮಿತಿಯೇ ಇಲ್ಲದ ಜಾಗ ಕೊಡುತ್ತಿತ್ತು. 2022ರಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಎಂಬ ಲೆಕ್ಕ ಬಂತು. ಹಾಗಾಗಿ ಹಳೆಯ ವಿದ್ಯಾರ್ಥಿಗಳ ಖಾತೆ ಮುಚ್ಚುವುದರಲ್ಲಿ ತಪ್ಪೇನಿಲ್ಲ. ಆದರೆ ಡ್ರೈವ್‌ನಲ್ಲಿ ಫೈಲ್ ಯಾರ ಖಾತೆಯದ್ದೋ ಆ ಖಾತೆಯ ಜತೆಗೇ ಹೋಗುತ್ತದೆ, ಮೊದಲೇ ಬೇರೆಯವರಿಗೆ ವರ್ಗಾಯಿಸದಿದ್ದರೆ. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಗೋಳು ತೋಡಿಕೊಂಡೆವು. ‘ಆಯ್ತು, ಒಳ್ಳೇ ವ್ಯವಸ್ಥೆ ಯಾವುದು ಅಂತ ನೀವೇ ನೋಡಿ ಹೇಳ್ರಪ್ಪ’ ಎಂದು ಕೆಲಸವನ್ನು ನಮ್ಮ ತಲೆಗೇ ಕಟ್ಟಿದರು. ನಾವು ಮೂವರು ಎಕ್ಸೆಲ್ ತೆರೆದು ಕೂತೆವು. 27 ಸಾಲುಗಳ ಪಟ್ಟಿ, ಪ್ರತಿ ಸೌಲಭ್ಯಕ್ಕೂ ಒಂದು ಅಂಕ. ಈಗ ನೋಡಿದರೆ ನಗು ಬರುತ್ತದೆ. ‘ಬ್ಯಾಡ್ಜ್ ಕೊಡುತ್ತದೆಯೇ’ ಎಂಬುದಕ್ಕೂ ‘ನೆಟ್ ಇಲ್ಲದೆ ಓದಬಹುದೇ’ ಎಂಬುದಕ್ಕೂ ಒಂದೇ ಅಂಕ!

ಪಟ್ಟಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಒಂದು ಖಾಸಗಿ ಕಂಪನಿಯ ವ್ಯವಸ್ಥೆ. ಡೆಮೊ ಕೊಡಲು ಬಂದವರು ಬಣ್ಣಬಣ್ಣದ ಗ್ರಾಫ್ ತೋರಿಸಿದರು. ಪಾಠ ತಯಾರಿಸುವುದು, ಹಂಚುವುದು, ಪರೀಕ್ಷೆ ಎಲ್ಲ ಒಂದೇ ಕಡೆ. ನಾನು ಸುಮ್ಮನಿರಲಾರದೆ ಕೇಳಿದೆ: ‘ಸರ್, ಮುಂದಿನ ವರ್ಷ ಕಾಲೇಜು ನಿಮ್ಮ ಚಂದಾ ಕಟ್ಟಲಿಲ್ಲ ಅಂದ್ರೆ ನಮ್ಮ ಪಾಠಗಳನ್ನು ಹೊರಗೆ ತೆಗೆಯೋದು ಹೇಗೆ?’ ಅವರು ನಕ್ಕರು. ‘ಅಂಥ ಸಂದರ್ಭ ಬರಲ್ಲ’ ಎಂದರು. ಬಿಡದೆ ಕೇಳಿದಾಗ ಪಾಠಗಳ ಪಟ್ಟಿ ಪಿಡಿಎಫ್ ಆಗಿ ಸಿಗುತ್ತದೆ ಎಂದರು. ಪಾಠ ಅಲ್ಲ, ಪಾಠಗಳ ಪಟ್ಟಿ. ಆ ಸಂಜೆ ನಮ್ಮ ಎಕ್ಸೆಲ್‌ನ ಬಹುಪಾಲು ಸಾಲುಗಳನ್ನು ಅಳಿಸಿದೆವು.

ಉಳಿದದ್ದು ಗೂಗಲ್ ಕ್ಲಾಸ್‌ರೂಮ್ ಮತ್ತು ಮೂಡಲ್. ಕ್ಲಾಸ್‌ರೂಮ್ ಬಳಕೆ ಬಲು ಸುಲಭ, ಎಲ್ಲರಿಗೂ ಗೊತ್ತು. ಅಕ್ಕನ ವಿಡಿಯೊಗಳನ್ನು ಸಂಸ್ಥೆಯ ಹೆಸರಿನ ಶೇರ್ಡ್ ಡ್ರೈವ್‌ನಲ್ಲಿ ಇಟ್ಟಿದ್ದರೆ ಅವು ಹೋಗುತ್ತಲೇ ಇರಲಿಲ್ಲ, ಇದನ್ನು ಒಪ್ಪಬೇಕು. ಮೂಡಲ್ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, 2002ರಲ್ಲಿ ಮೊದಲ ಆವೃತ್ತಿ ಬಂತು. ಮುಕ್ತ ತಂತ್ರಾಂಶ, ದುಡ್ಡಿಲ್ಲ. ಇಡೀ ಕೋರ್ಸನ್ನು, ಪ್ರಶ್ನೆಗಳ ಸಮೇತ, ಒಂದೇ ಬ್ಯಾಕಪ್ ಫೈಲ್ ಮಾಡಿ ಇನ್ನೊಂದು ಮೂಡಲ್‌ನಲ್ಲಿ ತೆರೆಯಬಹುದು. ಬಾಯಿಮಾತು ನಂಬದೆ ಲ್ಯಾಬ್‌ನ ಹಳೇ ಡೆಸ್ಕ್‌ಟಾಪ್‌ನಿಂದ ತೆಗೆದು ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆವು. ಬಂತು!

ಹಾಗಂತ ಸುಖವಾಗಿ ಆಯಿತು ಅಂದ್ಕೋಬೇಡಿ. ಮೊದಲ ವಿಡಿಯೊ ಏರಿಸಲು ಎರಡು ಸಂಜೆ ಹಿಡಿಯಿತು. ಪಿಎಚ್‌ಪಿಯಲ್ಲಿ ಅಪ್‌ಲೋಡ್ ಮಿತಿ, ನಾವು ಬದಲಾಯಿಸುವವರೆಗೆ, ಬರೀ 2 ಎಂಬಿ ಅಂತ ಆಮೇಲೆ ತಿಳಿಯಿತು. ಹಸು ಪುಕ್ಕಟೆ ಸಿಕ್ಕರೂ ಮೇವು ಹಾಕುವವರು ಬೇಕಲ್ಲ. ಅಪ್‌ಡೇಟ್, ಬ್ಯಾಕಪ್ ಯಾರು ನೋಡಬೇಕು ಎಂಬ ಪ್ರಶ್ನೆಗೆ ‘ನೀವೇ’ ಎಂಬ ಉತ್ತರ ಸಿಕ್ಕಿದೆ. ನಾವು ಪಾಸಾಗಿ ಹೋದ ಮೇಲೆ? ಅದಕ್ಕೇ ಎರಡನೇ ವರ್ಷದ ಇಬ್ಬರನ್ನು ಈಗಿಂದಲೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೇವೆ. ಅಡ್ಮಿನ್ ಖಾತೆ ನಮ್ಮ ಹೆಸರಿನಲ್ಲಿಲ್ಲ, ವಿಭಾಗದ ಹೆಸರಿನಲ್ಲಿದೆ.

ಇನ್ನೊಂದು ಪೇಚು ಕನ್ನಡದ್ದು. ಕನ್ನಡ ಮೇಷ್ಟ್ರು ಕೊಟ್ಟ ನೋಟ್ಸ್ ಹಳೆಯ ನುಡಿ ಫಾಂಟ್‌ನಲ್ಲಿತ್ತು. ಮೂಡಲ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ್ದನ್ನೆಲ್ಲ ತಿದ್ದಲು ಒಂದು ಭಾನುವಾರ ಹೋಯಿತು. ಹುಡುಕಿದರೆ ಸಿಗದ ಅಕ್ಷರ ಇದ್ದೇನು ಪ್ರಯೋಜನ?

ಪಾಠ ತಯಾರಿಸುವುದಕ್ಕೆ ಎಚ್‌5ಪಿ ಬಳಸುತ್ತೇವೆ. ವಿಡಿಯೊ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವಂತೆ ಮಾಡಬಹುದು, ಫೈಲನ್ನು ಇಳಿಸಿಕೊಂಡು ಬೇರೆಡೆಯೂ ಬಳಸಬಹುದು. ಕೆಲಸ ಹುಡುಕುತ್ತಿರುವವರು ಸ್ಕಾರ್ಮ್ ಎಂಬ ಹೆಸರನ್ನೂ ಕೇಳಿಟ್ಟುಕೊಳ್ಳಿ. ಕಂಪನಿಗಳ ತರಬೇತಿ ಪಾಠಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಮಾನದಂಡ ಅದು. ಬಿಚ್ಚಿ ನೋಡಿದರೆ ಬರೀ ಜಿಪ್ ಫೈಲ್, ಒಳಗೆ ಪಾಠಗಳ ಅನುಕ್ರಮ ಹೇಳುವ ಒಂದು ಎಕ್ಸ್‌ಎಂಎಲ್ ಕಡತ.

ನಮ್ಮ ಸರ್ವರ್ ಸದ್ಯ ಕ್ಯಾಂಪಸ್ ವೈಫೈನಲ್ಲಿ ಮಾತ್ರ ಸಿಗುತ್ತದೆ. ರೂಮ್‌ಮೇಟ್ ಶುಕ್ರವಾರ ಮೂಡಲ್ ಆ್ಯಪ್‌ಗೆ ಗಣಿತ ಇಳಿಸಿಕೊಂಡು ಹಾವೇರಿ ಕಡೆಯ ತನ್ನ ಊರಿಗೆ ಹೊರಡುತ್ತಾನೆ. ಅಲ್ಲಿ ನೆಟ್‌ವರ್ಕ್ ಬೇಕೆಂದರೆ ಮಾಳಿಗೆ ಹತ್ತಬೇಕು.

ಅಕ್ಕನಿಗೆ ಫೋನ್ ಮಾಡಿದ್ದೆವು. ಹಳೇ ಮೊಬೈಲ್‌ನಲ್ಲಿ 11 ವಿಡಿಯೊ ಉಳಿದಿದ್ದವು, ಕಳಿಸಿದರು. ಉಳಿದ 25ರಲ್ಲಿ ಏಳನ್ನು ನಾವೇ ಮಾಡಿದ್ದೇವೆ. ಅದರಲ್ಲಿ ಮೂರು ಆ ಫೇಲಾದವನದ್ದೇ, ಈಗ ಅವನು ಆ ಪೇಪರ್ ಮುಗಿಸಿದ್ದಾನೆ. ಮೊನ್ನೆ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ದರು: ‘ಚೆನ್ನಾಗಿದೆ ಕಣೋ, ಆದ್ರೆ ಎರಡನೇದ್ರಲ್ಲಿ ಇಂಟಿಗ್ರಲ್‌ನ ಮೇಲಿನ ಲಿಮಿಟ್ ತಪ್ಪು ಹಾಕಿದ್ದೀಯ.’ ಈ ಭಾನುವಾರ ಮತ್ತೆ ರೆಕಾರ್ಡ್ ಮಾಡಬೇಕು.