ಪಂಜರದೊಳಗಿನ ‘ಜಯ ಜಿನೇಂದ್ರ’

ನಮ್ಮ ಬಾಲ್ಯದ ಮನೆಯ ಪಡಸಾಲೆಯಲ್ಲಿ ಒಂದು ಪಂಜರ ತೂಗುತ್ತಿತ್ತು. ಅದರೊಳಗೆ ಕೊರಳಲ್ಲಿ ಗುಲಾಬಿ ಬಣ್ಣದ ಗೆರೆಯಿದ್ದ ಒಂದು ಹಸಿರು ಗಿಳಿ. ಅವ್ವ ಅದಕ್ಕೆ ನಿತ್ಯವೂ ನೆನೆಸಿದ ಕಡಲೆ, ಹಸಿ ಮೆಣಸಿನಕಾಯಿ ಕೊಡುತ್ತಿದ್ದಳು. ಮಕ್ಕಳಾದ ನಾವು ಅದಕ್ಕೆ ‘ಜಯ ಜಿನೇಂದ್ರ’ ಎನ್ನುವುದನ್ನು ಕಲಿಸಿದ್ದೆವು. ಬಂದ ಬೀಗರೆಲ್ಲ ಕೇಳಿ ತಲೆದೂಗುತ್ತಿದ್ದರು. ಒಮ್ಮೆ ಪಂಜರದ ಬಾಗಿಲು ತೆರೆದೇ ಉಳಿಯಿತು. ಗಿಳಿ ಕೆಳಗಿಳಿದು ಹೊಸ್ತಿಲವರೆಗೆ ನಡೆದುಹೋಗಿ ನಿಂತಿತು; ಹಾರಲಿಲ್ಲ. ‘ನೋಡಿದಿರಾ, ನಮ್ಮನ್ನು ಬಿಟ್ಟು ಹೋಗಲಾರದು’ ಎಂದು ಮನೆಮಂದಿಯೆಲ್ಲ ಹಿಗ್ಗಿದೆವು. ಅದರ ರೆಕ್ಕೆಯ ಗರಿಗಳನ್ನು ಕತ್ತರಿಸಿಟ್ಟವರು ನಾವೇ ಎಂಬುದು ಆ ಹಿಗ್ಗಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಅತಿಚಾರವೆಂದರೆ ವ್ರತ ಪೂರ್ತಿ ಮುರಿಯಿತೆಂದಲ್ಲ. ವ್ರತಕ್ಕೆ ಕಲೆ ತಗುಲಿತೆಂದು. ಇವುಗಳನ್ನು ಬಾಯಿಪಾಠ ಮಾಡುವಾಗ ನಮ್ಮ ಕಣ್ಣ ಮುಂದೆ ಬರುತ್ತಿದ್ದುದು ಬೇರೆಯವರ ಚಕ್ಕಡಿಯ ಎತ್ತುಗಳು. ತಲೆಯ ಮೇಲೆಯೇ ತೂಗುತ್ತಿದ್ದ ಪಂಜರ ಕಾಣಲಿಲ್ಲ. ಐದರಲ್ಲಿ ಮೊದಲನೆಯದು ಬಂಧ, ಮೂರನೆಯದು ಛೇದ. ಎರಡನ್ನೂ ನಾವು ಪ್ರೀತಿಯ ಹೆಸರಿನಲ್ಲಿಯೇ ಮಾಡಿದ್ದೆವು. ಹೊತ್ತುಹೊತ್ತಿಗೆ ಕೊಟ್ಟ ಕಡಲೆ ಐದನೆಯ ಅತಿಚಾರವನ್ನು ತಪ್ಪಿಸಿತೇ ಹೊರತು, ಮೊದಲನೆಯದನ್ನು ಅಳಿಸಲಿಲ್ಲ.

‘ಹಾಗಾದರೆ ಆಕಳು ಸಾಕುವುದೂ ತಪ್ಪೇ?’ ಎಂದು ಕೇಳುವವರಿದ್ದಾರೆ. ಆಕಳು, ಎತ್ತು, ನಾಯಿಗಳು ಸಾವಿರಾರು ವರ್ಷಗಳಿಂದ ಮನುಷ್ಯನ ಆಶ್ರಯದಲ್ಲಿ ಬೆಳೆದುಬಂದ ಜೀವಿಗಳು. ಅವುಗಳನ್ನು ನೋಯಿಸದೆ ಪೋಷಿಸುವುದು ಗೃಹಸ್ಥನ ಧರ್ಮ. ಅಡವಿಯ ಜೀವಿಯ ಮಾತು ಬೇರೆ. ಅದರ ಆಹಾರ, ಸಂಗಾತಿ, ಅದು ನಡೆಯುವ ದಾರಿ ಎಲ್ಲವೂ ಅಡವಿಯಲ್ಲಿವೆ. ಅದನ್ನು ನಮ್ಮ ಅಂಗಳಕ್ಕೆ ತಂದರೆ ದೇಹವನ್ನಷ್ಟೇ ತಂದಂತೆ.

ನಮ್ಮ ಬಾಗಲಕೋಟೆ ಜಿಲ್ಲೆಯದೇ ಒಂದು ಉದಾಹರಣೆ ನೋಡೋಣ. ಬೀಳಗಿ, ಮುಧೋಳ ಭಾಗದ ಯಡಹಳ್ಳಿಯ ಕುರುಚಲು ಕಾಡಿನಲ್ಲಿ ಚಿಂಕಾರಗಳಿವೆ. 2016ರಲ್ಲಿ ಸರಕಾರ ಅದನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ತಾಯಿ ಚಿಂಕಾರ ತನ್ನ ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯಲು ಹೋಗುತ್ತದೆ. ಮರಳಿ ಬಂದು ಹಾಲೂಡಿಸುತ್ತದೆ. ಮರಿ ಅಲುಗಾಡದೆ ಮಲಗಿರುವುದೇ ಅದಕ್ಕೆ ರಕ್ಷೆ. ಅಂಥ ಮರಿಯನ್ನು ಕಂಡವರು ‘ಪಾಪ, ತಬ್ಬಲಿ’ ಎಂದು ಎತ್ತಿಕೊಂಡು ಬಂದರೆ, ಅವರ ಕರುಣೆಯೇ ಅದನ್ನು ತಬ್ಬಲಿ ಮಾಡಿತು. ಕರುಣೆಗೆ ಜ್ಞಾನದ ಕಣ್ಣು ಬೇಕೆಂದು ಹಿರಿಯರು ಹೇಳುವುದು ಇದಕ್ಕೇ.

ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ನಮಗೆಲ್ಲ ಗೊತ್ತು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲುತ್ತಾರೆ. ಒಂದು ಭವದಲ್ಲಿ ಅವನು ನವಿಲು, ಅವಳು ನಾಯಿ. ಇಬ್ಬರೂ ಯಶೋಧರನ ಮಗ ಯಶೋಮತಿಯ ಅರಮನೆಯನ್ನೇ ಸೇರುತ್ತಾರೆ. ತನ್ನ ಅಂಗಳದಲ್ಲಿ ಇರುವ ನವಿಲು ತನ್ನ ತಂದೆಯೆಂದು ಆ ಅರಸನಿಗೆ ತಿಳಿಯದು. ಹಿಟ್ಟಿನ ಕೋಳಿಯ ಪ್ರಸಂಗವನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ; ಅಂಗಳದ ನವಿಲನ್ನು ಮರೆಯುತ್ತೇವೆ. ಪಂಜರದೊಳಗಿನ ಜೀವದ ಹಿಂದಿನ ಭವವನ್ನು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿ, ಮುನಿಯ ಹಕ್ಕಿಗಳನ್ನು ಹಿಡಿದು ಮಾರುವುದು, ಪಂಜರದಲ್ಲಿಡುವುದು ಅಪರಾಧ. ಅದೃಷ್ಟ ತರುತ್ತದೆಂದು ಕೆಲವರು ಬಚ್ಚಿಟ್ಟು ಸಾಕುವ ನಕ್ಷತ್ರ ಆಮೆಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಆಮೆ ಮುನಿಸುವ್ರತ ತೀರ್ಥಂಕರರ ಲಾಂಛನ. ಅದನ್ನು ಡಬ್ಬಿಯಲ್ಲಿಟ್ಟು ಬಸದಿಗೆ ಹೋಗಿ ಕೈಮುಗಿದರೆ ಆ ವಂದನೆ ಯಾರಿಗೆ ಸಲ್ಲುತ್ತದೆ?

‘ಸರಿ, ನಾವು ವಿದೇಶದ ಬಣ್ಣದ ಹಕ್ಕಿ ತರುತ್ತೇವೆ, ಅದಕ್ಕೆ ತಡೆಯಿಲ್ಲವಲ್ಲ’ ಎಂಬುದು ಇಂದಿನ ತರುಣರ ಉತ್ತರ. ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಬಜರಿಗರ್. ಅವುಗಳ ಮೂಲ ನೆಲೆ ಆಸ್ಟ್ರೇಲಿಯದ ಒಣ ಬಯಲು. ಅದೇ ಬಯಲಿನಲ್ಲಿ ಬಿಲ್ಬಿ ಎಂಬ ಪ್ರಾಣಿಯಿದೆ. ಮೊಲದಂಥ ಉದ್ದ ಕಿವಿ. ಕಾಂಗರೂವಿನಂತೆ ಮರಿಯನ್ನು ಚೀಲದಲ್ಲಿ ಹೊರುತ್ತದೆ. ಬಿಲ ತೋಡುವಾಗ ಮಣ್ಣು ಒಳಹೋಗದಂತೆ ಆ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ವಲಸೆ ಬಂದವರು ತಂದ ಬೆಕ್ಕು, ನರಿ, ಮೊಲಗಳಿಂದ ಅದು ವಿರಳವಾಯಿತು. ಅದರ ಚಿಕ್ಕ ಜಾತಿಯೊಂದು ಕಳೆದ ಶತಮಾನದಲ್ಲಿ ಅಳಿದೇಹೋಯಿತು. ಎಷ್ಟೇ ಮುದ್ದಾಗಿದ್ದರೂ ಅದನ್ನು ಮನೆಯ ಸಾಕುಪ್ರಾಣಿಯಾಗಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಅಲ್ಲಿ ಬಿಲ್ಬಿಗೆ ತಡೆ, ಇಲ್ಲಿ ನಾಡಗಿಳಿಗೆ ತಡೆ. ಕಾನೂನು ಸ್ವದೇಶಿ, ವಿದೇಶಿ ಎಂದು ವಿಂಗಡಿಸಬಹುದು. ಅಣುವ್ರತಕ್ಕೆ ಅಂಥ ಗಡಿಯಿಲ್ಲ. ಅದರ ಮುಂದೆ ಎಲ್ಲವೂ ಪಂಚೇಂದ್ರಿಯ ಜೀವವೇ.

ನಮ್ಮ ಸಮಾಜದವರು ಎಚ್ಚರದಿಂದ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ಮಹಾವೀರ ಜಯಂತಿಗೋ ಪರ್ವದ ದಿನಕ್ಕೋ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುವ ರೂಢಿ ಕೆಲವೆಡೆ ಇದೆ. ಭಾವನೆ ಶುದ್ಧವಾದದ್ದು. ಆದರೆ ಕೊಳ್ಳುವವರಿದ್ದಾರೆಂದು ತಿಳಿದರೆ ಬಲೆ ಹಾಕುವವನು ಮರುವರ್ಷ ಇನ್ನಷ್ಟು ಹಕ್ಕಿಗಳನ್ನು ಹಿಡಿಯುತ್ತಾನೆ. ನೇಮಿನಾಥ ಸ್ವಾಮಿ ತನ್ನ ಮದುವೆಯ ಔತಣಕ್ಕೆ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕೇಳಿದಾಗ ಅವುಗಳನ್ನು ಬಿಡಿಸಿದ್ದಷ್ಟೇ ಅಲ್ಲ, ಆ ಬಂಧನಕ್ಕೆ ಕಾರಣವಾದ ಮದುವೆಯನ್ನೇ ತೊರೆದು ಗಿರಿನಾರಕ್ಕೆ ನಡೆದರು. ಕಾರಣ ಉಳಿದರೆ ಬಿಡುಗಡೆ ಪೂರ್ಣವಾಗದು.

ಹಾಗಾದರೆ ಶ್ರಾವಕನು ಏನು ಮಾಡಬೇಕು? ಅಡವಿಯ ಜೀವಿಯನ್ನು ಹಣಕೊಟ್ಟು ತರಬಾರದು. ಗಾಯಗೊಂಡ ಹಕ್ಕಿಯೋ ಮರಿಯೋ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮನೆಯಲ್ಲಿ ಈಗಾಗಲೇ ಇರುವ ವಿದೇಶಿ ಹಕ್ಕಿಗಳನ್ನು ದುಡುಕಿ ಹೊರಗೆ ಬಿಡಬಾರದು; ಪಂಜರದಲ್ಲೇ ಹುಟ್ಟಿದ ಅವು ಹೊರಗೆ ಬದುಕಲಾರವು. ಅವುಗಳಿಗೆ ವಿಶಾಲ ಜಾಗ ಕೊಟ್ಟು, ಕೊನೆಯವರೆಗೆ ನೋಡಿಕೊಂಡು, ಹೊಸದನ್ನು ತಾರದಿರುವುದೇ ಪ್ರಾಯಶ್ಚಿತ್ತ. ದಿಲ್ಲಿಯ ಚಾಂದನಿ ಚೌಕದಲ್ಲಿ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿಗಳ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಗಳನ್ನು ಆಗಸಕ್ಕೆ ಬಿಡುತ್ತಾರೆ. ಔಷಧದಾನ ಅಭಯದಾನವಾಗಿ ಮುಗಿಯುವುದು ಹೀಗೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೊಂದು ನೀರಿನ ಬೋಗುಣಿ ಇಡುವುದು, ಅಂಗಳದ ಮರವನ್ನು ಕಡಿಯದೆ ಉಳಿಸುವುದು ನಮ್ಮೆಲ್ಲರಿಗೂ ಸಾಧ್ಯ.

ಬಾದಾಮಿಯ ನಾಲ್ಕನೆಯ ಗುಹೆಗೆ ಹೋದಾಗಲೆಲ್ಲ ಬಾಹುಬಲಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಾಲುಗಳಿಗೆ ಬಳ್ಳಿ ಹಬ್ಬಿದೆ, ಬಳಿಯಲ್ಲಿ ಹಾವುಗಳು ಹೆಡೆಯೆತ್ತಿವೆ. ಆ ಮಹಾಮುನಿ ಯಾವುದನ್ನೂ ಹಿಡಿಯಲಿಲ್ಲ, ಕಟ್ಟಲಿಲ್ಲ, ಮಾತು ಕಲಿಸಲಿಲ್ಲ. ತಾನು ನಿಶ್ಚಲನಾಗಿ ನಿಂತ. ಅವು ತಾವಾಗಿ ಬಂದವು. ಜೀವಿಗಳು ನಮ್ಮ ಬಳಿ ಬರಬೇಕಾದರೆ ಬೇಕಾದದ್ದು ಪಂಜರವಲ್ಲ, ನಮ್ಮಿಂದ ಭಯವಿಲ್ಲವೆಂಬ ಭರವಸೆ.

ಈಗ ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಗಿಳಿಗಳ ಹಿಂಡು ಬರುತ್ತದೆ. ಅವು ‘ಜಯ ಜಿನೇಂದ್ರ’ ಎನ್ನುವುದಿಲ್ಲ. ಹಣ್ಣು ತಿಂದು, ಕೂಗಾಡಿ, ಹಾರಿಹೋಗುತ್ತವೆ. ಆ ಹಾರಾಟವನ್ನು ಕಂಡು ನಾನೇ ಕೈಮುಗಿದು ‘ಜಯ ಜಿನೇಂದ್ರ’ ಎನ್ನುತ್ತೇನೆ. ಹೊಸ್ತಿಲವರೆಗೆ ನಡೆದುಬಂದ ಆ ಗಿಳಿಯ ಕ್ಷಮೆಯನ್ನೂ ಪ್ರತಿಕ್ರಮಣದಲ್ಲಿ ಬೇಡುತ್ತೇನೆ.