ತಾಯಿಯನ್ನಗಲಿದ ಬೆಕ್ಕಿನ ಮರಿಯ ಪೋಷಣೆ

ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಆಟಿ ತಿಂಗಳ ಮಳೆ ಬಿಡದೆ ಸುರಿಯುವಾಗ, ದನದ ಹಟ್ಟಿಯ ಮೂಲೆಯಲ್ಲಿ ಕಣ್ಣು ತೆರೆಯದ ಬೆಕ್ಕಿನ ಮರಿಯೊಂದು ಒಂಟಿಯಾಗಿ ಕೂಗುತ್ತಿದ್ದರೆ, ತಾಯಿ ಮರಳಿ ಬಂದೀತೇ ಎಂದು ತುಸು ದೂರದಿಂದ ಕಾದು ನೋಡುವುದೇ ಪ್ರಥಮ ಕರ್ತವ್ಯ. ಬಾರದಿದ್ದರೆ, ಹಾಲಿಗಿಂತ ಮುಂಚೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಂದ ಶಾಖವನ್ನೀಯಬೇಕು. ಏಕೆಂದರೆ ಮೊದಲ 3 ವಾರಗಳಲ್ಲಿ ಸ್ವದೇಹದ ಉಷ್ಣತೆಯನ್ನು ಕಾಯ್ದುಕೊಳ್ಳಲು ಅಶಕ್ತವಾದ ಆ ಶಿಶುವಿಗೆ, ಮೈ ತಣ್ಣಗಾಗಿರುವಾಗ ಆಹಾರ ಜೀರ್ಣವಾಗದು. ನಾವು ಕರುಣೆಯಿಂದಲೇ ಎರೆಯುವ ಹಸುವಿನ ಹಾಲು ಅತಿಸಾರವನ್ನುಂಟುಮಾಡಿ ಪ್ರಾಣಕ್ಕೇ ಎರವಾದೀತು. ಪಶುವೈದ್ಯರನ್ನು ವಿಚಾರಿಸಿ, ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಕದಡಿ, ಮರಿಯನ್ನು ಅಂಗಾತ ಮಲಗಿಸದೆ ಕವುಚಿ ಹಿಡಿದು, 2–3 ಗಂಟೆಗಳಿಗೊಮ್ಮೆ ಕುಡಿಸತಕ್ಕದ್ದು. ತಾಯಿಯ ನಾಲಗೆಯ ಸ್ಪರ್ಶವಿಲ್ಲದ ಎಳೆಮರಿಗೆ, ಒದ್ದೆ ಹತ್ತಿಯಿಂದ ಮೃದುವಾಗಿ ಒರಸಿದಲ್ಲದೆ ಮಲಮೂತ್ರ ವಿಸರ್ಜನೆಯಾಗದು. 4ನೆಯ ವಾರದಿಂದ ಮೆತ್ತನೆಯ ಆಹಾರವನ್ನು ಅಭ್ಯಾಸ ಮಾಡಿಸಬಹುದು.